ನನ್ನ ಗಂಟಲಲ್ಲಿ ಮಾಜಿ ಅಧ್ಯಕ್ಷ

ಹನ್ನೊಂದು ತಿಂಗಳು ನನ್ನ ಗಂಟಲಲ್ಲಿ ಮಾಜಿ ಅಧ್ಯಕ್ಷ ಕರಿಬಸಯ್ಯ ಕೂತಿದ್ದ. ಬೆಳಗ್ಗೆ ಎದ್ದು ಆಕಳಿಸಿದರೆ ಅವನ ಆಕಳಿಕೆ, ಸೀನಿದರೆ ಅವನ ಸೀನು. ಬಚ್ಚಲಲ್ಲಿ ಕುದಿಯುವ ನೀರು ಬೆನ್ನಿಗೆ ಬಿದ್ದು ಅಯ್ಯೋ ಎಂದರೆ ಆ ಅಯ್ಯೋ ಕೂಡ ವೇದಿಕೆ ಮೇಲೆ ಕೈಯೆತ್ತಿ ಬಡವರಿಗಾಗಿ ಮರುಗುವ ಅಯ್ಯೋ. ನನಗೆ ಇಪ್ಪತ್ಮೂರು ವರ್ಷ, ಅವನಿಗೆ ಅರವತ್ತೆಂಟು. ಗರಗಸಕ್ಕೆ ತುಪ್ಪ ಸವರಿದಂಥ ದನಿ ಅದು. ಅಂಥ ದನಿಯಲ್ಲಿ ಬೈದರೂ ಯಾರಿಗೂ ಬೈದಂತೆ ಅನಿಸುತ್ತಿರಲಿಲ್ಲ. ಬೀದಿಯಲ್ಲಿ ಒಬ್ಬನಿಗೆ ಬಾಯಿಗೆ ಬಂದಂತೆ ಬೈದೆ, ಅವನು ಕೈಮುಗಿದು ಅರ್ಜಿ ಕೊಟ್ಟು ಹೋದ.

ನಮ್ಮೂರಲ್ಲಿ ಯಾರಾದರೂ ಒಂದು ಕೆಲಸ ಹೇಳಿ, ಕೇಳಿಸಿಕೊಂಡವನು 'ಆಯ್ತು' ಅಂದನೋ, ಆ ಕೆಲಸ ಮುಗಿಯುವ ತನಕ ಹೇಳಿದವರ ದನಿಯೇ ಅವನ ಬಾಯಲ್ಲಿ ಇರುತ್ತದೆ. ಮುಗಿದ ಕೂಡಲೇ ತನ್ನದು ತನಗೆ ವಾಪಸು ಬರುತ್ತದೆ. ಅಂಗಡಿ ಸಣ್ಣೀರಪ್ಪ ತಲೆಯೆತ್ತಿ ನೋಡದೆಯೇ ವ್ಯಾಪಾರ ಮಾಡುತ್ತಾನೆ. ಮೂರಡಿ ಎತ್ತರದ ಮಕ್ಕಳು ಬಂದು ಅಮ್ಮಂದಿರ ದನಿಯಲ್ಲಿ ಕೊತ್ತಂಬರಿ ಕೇಳಿದರೆ, 'ಏನ್ ಸರೋಜಕ್ಕಾ, ಇವತ್ತೂ ಹುಳೀನಾ' ಎನ್ನುತ್ತಾನೆ. ಪುರಸಭೆಯ ಜವಾನನ ಹೆಂಡತಿ ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಗಂಡನ ಸ್ವಂತ ದನಿ ಕೇಳಿದ್ದು ಭಾನುವಾರಗಳಲ್ಲಿ ಮಾತ್ರ. ಹಿರಿಯರು ತಲೆ ಮುಟ್ಟಿ 'ನೂರು ವರ್ಷ ಬಾಳು' ಅಂದರೆ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಸುಮ್ಮನೆ ಕಾಲು ಮುಟ್ಟಿ ಎದ್ದು ಬರುತ್ತೇವೆ. ಅಪ್ಪಿತಪ್ಪಿ ಆಯ್ತು ಅಂದು ಸಾಯುವ ತನಕ ಅಜ್ಜಿಯ ದನಿಯಲ್ಲಿ ಎತ್ತು ಹೊಡೆದವನೊಬ್ಬ ನಮ್ಮ ಕೇರಿಯಲ್ಲೇ ಇದ್ದ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ನಲವತ್ತು ಮಕ್ಕಳು ಮೇಷ್ಟರ ಗೊಗ್ಗರು ದನಿಯಲ್ಲಿ ಹದಿನೇಳರ ಮಗ್ಗಿ ಕೂಗುವುದನ್ನು ಒಮ್ಮೆ ಕೇಳಿದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ನನ್ನ ದನಿ ನನಗೆ ಬೇಕು ಅಂತ ಎದ್ದು ಬಂದ ನಾನು, ಆಮೇಲೆ ಹೋಗಿ ಸೇರಿದ್ದು ಪುರಸಭೆ ಅಧ್ಯಕ್ಷರ ಕೈಕೆಳಗಿನ ದಂಡಿಗೆ. ಅಲ್ಲಿ ಬೆಳಗಿನಿಂದ ಸಂಜೆ ತನಕ ಆಯ್ತು ಅನ್ನುವುದೇ ಕೆಲಸ. ನನ್ನಂಥ ಕತ್ತೆ ಇನ್ನೊಂದಿಲ್ಲ ಅಂತ ನಮ್ಮವ್ವ ಹೇಳುವುದು ಇದಕ್ಕೇ.

ಎರವಲು ದನಿಯಲ್ಲಿ ಮಾಡಿದ ಕೆಲಸ ದನಿ ಕೊಟ್ಟವನದು, ಮಾಡಿದವನದಲ್ಲ. ನಮ್ಮೂರ ಕಾನೂನು ಪುಸ್ತಕದ ಮೊದಲನೇ ಸಾಲೇ ಇದು. ಎರಡನೇ ಸಾಲು ತಲುಪುವಷ್ಟರಲ್ಲಿ ಎಲ್ಲರಿಗೂ ನಿದ್ದೆ ಬಂದಿರುತ್ತದೆ. ಹೀಗಾಗಿ ದಂಡಿನವರಿಗೆ ಯಾವ ಚಿಂತೆಯೂ ಇಲ್ಲ, ಯಾರ ಮನೆ ಬಾಗಿಲು ಒದ್ದರೂ ಒದ್ದವನು ಅಧ್ಯಕ್ಷ. ಅಧ್ಯಕ್ಷರಿಗೂ ಐದು ವರ್ಷ ಚಿಂತೆಯಿಲ್ಲ. ಆರನೇ ವರ್ಷ ಮಾತ್ರ ಗೆದ್ದ ಪಕ್ಷ ಸೋತ ಪಕ್ಷವನ್ನು ಜೈಲಿಗೆ ಹಾಕುತ್ತದೆ. ಇರುವುದು ಎರಡೇ ಪಕ್ಷ, ಏಣಿ ಮತ್ತು ಕಹಳೆ. ಜೈಲಿನ ಒಂದನೇ ನಂಬರ್ ಕೋಣೆಯನ್ನು ಎರಡು ಪಕ್ಷದವರೂ ಸೇರಿ ತುಂಬ ಚೆನ್ನಾಗಿ ಇಟ್ಟುಕೊಂಡಿದ್ದಾರೆ. ಏಣಿಯವರು ತಾವು ಅಧಿಕಾರದಲ್ಲಿದ್ದಾಗ ಅದಕ್ಕೊಂದು ದೊಡ್ಡ ಕಿಟಕಿ ಇಡಿಸಿದರು. ಕಹಳೆಯವರು ಬಂದಾಗ ಕುರ್ಚಿ ಥರ ಕೂರುವ ಕಕ್ಕಸು ಹಾಕಿಸಿದರು. ಹೇಗೂ ತಾವೇ ಬಂದು ಇರಬೇಕಾದ ಜಾಗ.

ಕಳೆದ ಚುನಾವಣೆಯಲ್ಲಿ ಕಹಳೆ ಗೆದ್ದಿತು. ಏಣಿ ಪಕ್ಷದ ಕರಿಬಸಯ್ಯ ಕುರ್ಚಿ ಬಿಡಲಿಲ್ಲ, ಎಣಿಕೆಯಲ್ಲಿ ಮೋಸವಾಗಿದೆ ಅಂದ. ಕಹಳೆಯವರೆಲ್ಲ ಪುರಸಭೆ ಎದುರಿನ ಗಿರಣಿ ಮೈದಾನದಲ್ಲಿ ಬಂದು ಕೂತರು. ನಾಲ್ಕೈದು ಸಾವಿರ ಜನ, ಜೊತೆಗೆ ಕಡಲೆಕಾಯಿ ಮಾರುವವರು. ಮಧ್ಯಾಹ್ನ ಎರಡು ಗಂಟೆಗೆ ದಂಡಿನ ಮೂವತ್ತೊಂದು ಜನರನ್ನೂ ಮೈದಾನದ ಅಂಚಿನಲ್ಲಿ ನಿಲ್ಲಿಸಿದರು. ನಾನು ಗೇಟಿನ ಪಕ್ಕ ಇದ್ದೆ. ಕರಿಬಸಯ್ಯ ಬಾಲ್ಕನಿಗೆ ಬಂದು, ಅಡಿಕೆ ಉಗುಳಿ, ಹೇಳಿದ.

'ಮೈದಾನ ಖಾಲಿಯಾಗಬೇಕು. ನಿಮ್ಮಲ್ಲಿ ಒಬ್ಬೊಬ್ಬನೂ ಜನರ ಮೇಲೆ ಕಡೇಪಕ್ಷ ಒಂದು ಗುಂಡು ಹಾರಿಸಬೇಕು. ಬರೀ ಕೋವಿ ತೋರಿಸಿ ವಾಪಸ್ ಬಂದ್ರೆ ನೋಡ್ಕಳಿ.'

ಆಯ್ತು ಸಾರ್ ಎಂದೆವು. 'ಆ' ಎನ್ನುವಾಗ ನಮ್ಮ ದನಿ, 'ಸಾರ್' ಎನ್ನುವಷ್ಟರಲ್ಲಿ ಅವನದು. ಮೂವತ್ತು ಕರಿಬಸಯ್ಯಂದಿರು ಒಬ್ಬ ಕರಿಬಸಯ್ಯನಿಗೆ ಸಲಾಮು ಹೊಡೆದೆವು.

ಆಯ್ತು ಅನ್ನದವನು ಒಬ್ಬನೇ, ನಮ್ಮ ದಫೇದಾರ ಓಬಳಪ್ಪ. ಐವತ್ತು ದಾಟಿದ ಮನುಷ್ಯ. ದಂಡಿಗೆ ಬಂದ ಪ್ರತಿಯೊಬ್ಬನಿಗೂ ಕೋವಿ ಹಿಡಿಯುವುದಕ್ಕಿಂತ ಮೊದಲು ಗುಂಡಿ ಹೊಲಿಯುವುದು ಕಲಿಸುವವನು. ಅವನು ಬಾಲ್ಕನಿ ಕಡೆ ತಲೆಯೆತ್ತಿ, ಟೀ ಮುಗಿದಿದೆ ಅಂತ ಹೇಳುವಷ್ಟೇ ಸಲೀಸಾಗಿ, 'ಆಗಲ್ಲ ಸಾರ್' ಅಂದ. ಅಷ್ಟರಲ್ಲಿ ಯಾವನೋ ಮೊದಲನೇ ಗುಂಡು ಹಾರಿಸಿಬಿಟ್ಟಿದ್ದ. ಜನ ಗೇಟಿನ ಕಡೆ ನುಗ್ಗಿದರು. ಮೂರು ಆಳು ಅಗಲದ ಗೇಟು ಅದು. ಗಾಣದ ಸೂರಪ್ಪಜ್ಜ ನನ್ನ ಕಣ್ಣೆದುರೇ ಅಲ್ಲಿ ಕೆಳಗೆ ಬಿದ್ದ, ಅವನ ಮೇಲೆ ಕಾಲುಗಳು ಹೋದವು. ಆಗ ಓಬಳಪ್ಪ ಮೈದಾನದ ನಡುವಕ್ಕೆ ಓಡಿ ಕೂಗಿದ. 'ಗೇಟಿನ ಕಡೆ ಬ್ಯಾಡ್ರೋ. ಒಡೆದ ಗೋಡೆ ಕಡೆ ಓಡ್ರಿ, ಅಲ್ಲಿ ಜಾಗ ಐತೆ.' ಅರ್ಧಕ್ಕರ್ಧ ಜನ ಆಯ್ತು ಆಯ್ತು ಎನ್ನುತ್ತ ಹಿಂದಿನ ಗೋಡೆ ಕಡೆ ತಿರುಗಿದರು. ಎರಡು ಸಾವಿರ ಗಂಡಸರು ಹೆಂಗಸರು ಓಬಳಪ್ಪನ ದನಿಯಲ್ಲಿ ಕಿರುಚುತ್ತ ಓಡುವುದನ್ನು ಕೇಳಿದವನು ನಾನು. ಕೈಗೂಸುಗಳು ಮಾತ್ರ ತಮ್ಮ ದನಿಯಲ್ಲೇ ಅಳುತ್ತಿದ್ದವು.

ಸ್ಟವ್ ರಿಪೇರಿ ಕೊಟ್ರಪ್ಪ ಯಾವ ಪಕ್ಷಕ್ಕೂ ಸೇರಿದವನಲ್ಲ. ಆಚೆ ಬೀದಿಯ ಅಂಗಡಿಯಿಂದ ಪಂಪಿನ ವಾಷರ್ ತರಲು ಮೈದಾನ ಹಾಯ್ದು ಹೊರಟಿದ್ದ. ಗುಂಡು ಅವನ ಕುತ್ತಿಗೆಗೆ ಬಿತ್ತು.

ನಾನು ಕೋವಿ ಎತ್ತಿದೆ, ಗುರಿಯಿಟ್ಟೆ, ಬೆರಳು ಅದರ ಕುದುರೆ ಮೇಲಿತ್ತು, ಒತ್ತಲಿಲ್ಲ. ಧೈರ್ಯ ಅಂದುಕೊಳ್ಳಬೇಡಿ. ಧೈರ್ಯ ಇದ್ದಿದ್ದರೆ ಓಬಳಪ್ಪನ ಥರ ಬಾಯಿ ಬಿಟ್ಟು ಹೇಳುತ್ತಿದ್ದೆ. ಬೆರಳು ಬೆವರಿ ಜಾರುತ್ತಿತ್ತು, ಅಷ್ಟೆ. ಅಷ್ಟರಲ್ಲಿ ಮೈದಾನ ಖಾಲಿಯಾಯಿತು. ಉಳಿದ ಇಪ್ಪತ್ತೊಂಬತ್ತು ಜನರ ಕೆಲಸ ಮುಗಿದಿತ್ತು. ಅವರೆಲ್ಲ ಬ್ಯಾರಕ್ಕಿಗೆ ಬಂದು ತಂತಮ್ಮ ದನಿಯಲ್ಲಿ ಮಾತಾಡಿಕೊಂಡರು, ಎಂಥ ಸೆಖೆ ಮಾರಾಯ ಅಂದುಕೊಂಡರು. ನಾನು 'ಒಂದು ಬೀಡಿ ಕೊಡ್ರೋ' ಅಂದೆ. ಇಪ್ಪತ್ತೊಂಬತ್ತು ಜನ ಎದ್ದು ನಿಂತು ಸಲಾಮು ಹೊಡೆದರು.

ಮೂರನೇ ದಿನ ಕಹಳೆಯವರು ಕುರ್ಚಿ ಹಿಡಿದರು. ಕರಿಬಸಯ್ಯ ಒಂದನೇ ನಂಬರ್ ಕೋಣೆಗೆ ಹೋದ, ತಾನೇ ಇಡಿಸಿದ ಕಿಟಕಿ ಪಕ್ಕ ಕೂತ. ಓಬಳಪ್ಪನಿಗೆ ಶಾಲು ಹೊದಿಸಿ ಮೆರವಣಿಗೆ ಮಾಡಿದರು. ಒಂಬತ್ತನೇ ದಿನ ಆ ಶಾಲಿನ ಸಮೇತ ಅವನನ್ನೂ ಹಿಡಿದು ಒಳಗೆ ಹಾಕಿದರು. ಸೂರಪ್ಪಜ್ಜ ಸತ್ತದ್ದು ಕಾಲ್ತುಳಿತದಲ್ಲಿ, ಕಾಲ್ತುಳಿತ ಆದದ್ದು ಓಬಳಪ್ಪನ ದನಿಯಲ್ಲಿ, ಆದ್ದರಿಂದ ಕೊಂದವನು ಓಬಳಪ್ಪ. ಅವನಿಗೆ ಯಾರೂ ಓಡಿಸು ಅಂತ ಹೇಳಿರಲಿಲ್ಲ. ಅವನ ದನಿ ಅವನದೇ ಆಗಿತ್ತು, ಪಾಪವೂ ಅವನದೇ. ಗುಂಡು ಹಾರಿಸಿದ ಇಪ್ಪತ್ತೊಂಬತ್ತು ಜನರಿಗೆ ಕಾನೂನಿನ ಮೊದಲನೇ ಸಾಲಿನ ರಕ್ಷೆ. ಹಾರಿಸಲ್ಲ ಅಂದವನ ಮೇಲೆ ಏಳು ವರ್ಷ ಆಗುವಂಥ ಕೇಸು.

ನಾನು ಸರ್ಕಾರಿ ವಕೀಲ ಪಾಂಡುರಂಗರಾಯರ ಮನೆಗೆ ಹೋಗಿ ಜಗಲಿ ಮೇಲೆ ನಿಂತು ಅರಚಿದೆ. ಕರಿಬಸಯ್ಯನ ದನಿಯಲ್ಲಿ ಅರಚಿದರೆ ಅದು ಉದ್ಘಾಟನಾ ಭಾಷಣದ ಹಾಗೇ ಇರುತ್ತಿತ್ತು. ರಾಯರು ಪೂಜೆ ಬಿಟ್ಟು ಎದ್ದು ಬಂದು, ನಾನು ಅಂತ ಗೊತ್ತಾದ ಮೇಲೆ ಉಸಿರು ಬಿಟ್ಟರು.

'ಓಬಳಪ್ಪನ್ನ ಯಾಕೆ ಹಿಡಿದ್ರಿ ಸ್ವಾಮಿ? ನಿಮ್ಮ ಪಕ್ಷದೋರ ಜೀವಾನೇ ಅಲ್ವಾ ಅವನು ಉಳಿಸಿದ್ದು?'

'ನಮ್ಮ ಪಕ್ಷದೋರು ಓಡಲೇ ಇಲ್ಲ ತಿಪ್ಪೇಶ. ಎದೆ ಕೊಟ್ಟು ನಿಂತಿದ್ರು. ಪಕ್ಷದ ಸಭೇಲಿ ನಿರ್ಣಯ ಆಗಿದೆ.'

'ಹಂಗಾದ್ರೆ ಸೂರಪ್ಪಜ್ಜನ್ನ ತುಳಿದೋರು ಯಾರು?'

'ಓಬಳಪ್ಪನ ದನಿ' ಎಂದರು. ಆಮೇಲೆ ನನ್ನ ಮುಖ ನೋಡಿ, ಇವನಿಗೆ ನಿಜ ಹೇಳಿದರೂ ಪರವಾಗಿಲ್ಲ ಅನಿಸಿತೋ ಏನೋ, ದನಿ ತಗ್ಗಿಸಿದರು. 'ನೋಡಪ್ಪಾ, ನಾಳೆ ನಮ್ಮ ಅಧ್ಯಕ್ಷರೂ ದಂಡಿಗೆ ಏನಾದ್ರೂ ಹೇಳಬೇಕಾಗ್ತದೆ. ಅವತ್ತು ಎಲ್ಲರೂ ಓಬಳಪ್ಪ ಆಗಿಬಿಟ್ರೆ?'

ಏಣಿಯವರನ್ನು ಕೇಳಿದರೂ ಇದೇ ಉತ್ತರ. ಬೆಳಗಾದರೆ ಒಬ್ಬರ ತಿಥಿ ಒಬ್ಬರು ಮಾಡುವ ಎರಡು ಪಕ್ಷಗಳು ಇದೊಂದರಲ್ಲಿ ಮಾತ್ರ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವು.

ನನ್ನನ್ನು ಹಿಡಿಯಲಿಲ್ಲ. ನಾನು ಸಾಕ್ಷಿ. ಸಾಕ್ಷಿ ಅಂದರೆ ಮಾತಲ್ಲ, ದನಿ. ಕೆಲಸ ಹೇಳಿದವನು ಯಾರು ಅನ್ನುವುದಕ್ಕೆ ತೀರ್ಪಿನ ತನಕ ಗಂಟಲಲ್ಲಿ ಉಳಿದ ದನಿಯೊಂದೇ ನಮ್ಮೂರಲ್ಲಿ ಪುರಾವೆ. ಗುಂಡು ಹಾರಿಸಿ ಅಂತ ಹೇಳಿದ್ದೇ ಇಲ್ಲ ಅಂತ ಕರಿಬಸಯ್ಯ ವಾದಿಸುತ್ತಿದ್ದ. ಹಾರಿಸಿದವರ ಗಂಟಲಿಂದ ಅವನು ಅವತ್ತೇ ಇಳಿದು ಹೋಗಿದ್ದ, ಉಳಿದದ್ದು ನನ್ನ ಗಂಟಲೊಂದರಲ್ಲೇ. ಹಾರದ ಒಂದು ಗುಂಡಿನ ದೆಸೆಯಿಂದ ಊರಿಗೆಲ್ಲ ಇದ್ದ ಒಂದೇ ಪುರಾವೆ ನಾನು. ವಿಚಾರಣೆ ತನಕ ಯಾರ ಕೆಲಸಕ್ಕೂ ಆಯ್ತು ಅನ್ನಬಾರದು, ಹೊಸ ದನಿ ಮೇಲೆ ಕೂತರೆ ಗುರುತು ಹಿಡಿಯುವುದು ಕಷ್ಟ ಅಂತ ರಾಯರು ಕಟ್ಟಪ್ಪಣೆ ಮಾಡಲಿಲ್ಲ, ಕೈಜೋಡಿಸಿ ಬೇಡಿಕೊಂಡರು. ಏಣಿಯವರು ಇದನ್ನು ತಿಳಿದು ಬೀದಿಗೊಬ್ಬ ಮುದುಕನನ್ನು ಬಿಟ್ಟರು. ಎದುರಿಗೆ ಸಿಕ್ಕವರೆಲ್ಲ 'ಚೆನ್ನಾಗಿರಪ್ಪಾ ತಿಪ್ಪೇಶ', 'ಕೊನೇ ತನಕ ಉಸಿರಾಡ್ತಾ ಇರು ಮಗನೇ' ಎಂದು ತಲೆ ಮೇಲೆ ಕೈಯಿಟ್ಟು, ನಾನು ಆಯ್ತು ಅನ್ನಲಿ ಅಂತ ಬಾಯಿ ನೋಡುತ್ತ ನಿಲ್ಲುತ್ತಿದ್ದರು. ಅಷ್ಟೊಂದು ಆಶೀರ್ವಾದವನ್ನು ನನ್ನಷ್ಟು ಸಿಟ್ಟಿನಿಂದ ಪಡೆದವನು ಇನ್ನೊಬ್ಬನಿರಲಾರ.

ಮನೆಯಲ್ಲಿ ಅವ್ವ ಹುಟ್ಟಿದಾಗಿನಿಂದ ಕಹಳೆ. ಕರಿಬಸಯ್ಯನ ದನಿ ರೇಡಿಯೋದಲ್ಲಿ ಬಂದರೆ ರೇಡಿಯೋಗೆ ಬೆನ್ನು ಮಾಡಿ ಕೂರುವವಳು. ಈಗ ಅದೇ ದನಿ ಒಲೆ ಮುಂದೆ ಕೂತು ಇನ್ನೊಂದು ಚೂರು ಸಾರು ಕೇಳುತ್ತಿತ್ತು. ಉಣ್ಣು ಅನ್ನುವ ಹಾಗಿಲ್ಲ, ನಾನು ಹೂಂ ಅಂದುಬಿಟ್ಟರೆ ಕಷ್ಟ. ಗೋಡೆ ನೋಡುತ್ತ 'ಮುದ್ದೆ ಆರ್ತೈತೆ' ಎನ್ನುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿದಳು.

'ಅಧ್ಯಕ್ಷರೇ, ನಮ್ಮ ತಿಪ್ಪೇಶ ಒಳಗವ್ನಾ? ಅವನಿಗೆ ಹೊಟ್ಟೆ ತುಂಬ್ತಾ ಅಂತ ಕೇಳ್ಬೇಕಿತ್ತು.'

'ತುಂಬ್ತವ್ವಾ' ಎಂದೆ.

'ನೀವು ಹೇಳಿದ್ದು ಯಾವತ್ತು ನಿಜ ಆಗೈತೆ' ಎಂದು ಇನ್ನೊಂದು ಮುದ್ದೆ ಇಟ್ಟಳು.

ಕೊಟ್ರಪ್ಪನ ಹೆಂಡತಿ ಅಂಜಿನಮ್ಮ ಬಂದದ್ದು ಮಳೆಗಾಲ ಮುಗಿದ ಮೇಲೆ. ಅಂಗಡಿಯನ್ನು ಈಗ ಅವಳೇ ನಡೆಸುತ್ತಿದ್ದಳು, ಬೆರಳ ಸಂದಿಯಲ್ಲೆಲ್ಲ ಸೀಮೆಎಣ್ಣೆ ಮಸಿ. ಹೊಸಿಲು ದಾಟಲಿಲ್ಲ. ಬಾ ಅಕ್ಕ ಎಂದೆ, ಆ ದನಿ ಕೇಳಿ ಅವಳ ಕೊರಳ ನರ ಎದ್ದು ನಿಂತಿತು. ಕಣ್ಣು ಮುಚ್ಚಿಕೊಂಡಳು.

'ಇದೇಯಾ' ಎಂದಳು.

'ಇದೇ ಅಕ್ಕ.'

'ಇದಕ್ಕೆ ಶಿಕ್ಷೆ ಆಗೋದು ನಾನು ನೋಡ್ಬೇಕು. ಬೇರೇನೂ ಬ್ಯಾಡ ನನಗೆ. ಅವರು ಪರಿಹಾರ ಕೊಡಕ್ಕೆ ಬಂದಿದ್ರು, ವಾಪಸ್ ಕಳಿಸ್ದೆ. ಅಲ್ಲಿ ತನಕ ನೀನು ಇದನ್ನ ಕೆಡಿಸ್ಕೊಳ್ದೆ ಇದ್ರೆ ಸಾಕು ಕಣಪ್ಪ.'

ಆಯ್ತು ಅನ್ನುವಂತಿರಲಿಲ್ಲ. ತಲೆಯಾಡಿಸಿದೆ. ತಲೆಯಾಡಿಸಿದ್ದೂ ಒಂದು ಮಾತೇ. ಆ ಮಾತು ಆಮೇಲೆ ನನ್ನನ್ನು ಏನು ಮಾಡಿತು ಅಂತ ನಾನೇ ಬಲ್ಲೆ.

ವಿಚಾರಣೆಗೆ ಇನ್ನು ನಾಲ್ಕು ದಿನ ಇದ್ದಾಗ ಜೈಲಿಗೆ ಹೋಗಿ ಓಬಳಪ್ಪನನ್ನು ನೋಡಿದೆ. ಅವನು ಆರನೇ ನಂಬರಿನಲ್ಲಿದ್ದ. ಅಲ್ಲಿ ಕಿಟಕಿಯೂ ಇಲ್ಲ, ಕುರ್ಚಿಯಂಥ ಕಕ್ಕಸೂ ಇಲ್ಲ. ನನ್ನ ಮಾತು ಕೇಳಿ ಪಕ್ಕದ ಕೋಣೆಯ ಕಳ್ಳರೆಲ್ಲ ಎದ್ದು ನಿಂತರು. ಓಬಳಪ್ಪ ಮಾತ್ರ ಅಂಗಿ ಬಿಚ್ಚಿಕೊಂಡು ಕಂಕುಳ ಹೊಲಿಗೆ ಹಾಕುತ್ತ ಕೂತೇ ಇದ್ದ.

'ನಾನು ನೋಡೀನಿ ದಫೇದಾರ್ರೇ' ಎಂದೆ. 'ಅಜ್ಜ ಬಿದ್ದಿದ್ದು ಗೇಟಿನ ಹತ್ರ, ನೀವು ಕೂಗೋಕಿಂತ ಮೊದ್ಲು. ಗೇಟಿನ ಹತ್ರ ಅರಚ್ತಿದ್ದೋರೆಲ್ಲ ಅವರವರ ದನೀಲೇ ಅರಚ್ತಿದ್ರು. ನಿಮ್ಮ ದನೀಲಿ ಓಡ್ದೋರು ಒಬ್ರೂ ಆ ಕಡೆ ಬರಲಿಲ್ಲ, ಎಲ್ಲ ಗೋಡೆ ಕಡೆ ಹೋದ್ರು. ಇದನ್ನ ಹೇಳ್ತೀನಿ ಕೋರ್ಟಲ್ಲಿ.'

'ಯಾರ ದನೀಲಿ ಹೇಳ್ತೀಯಲೇ?'

ನಾನು ಗಂಟಲು ಮುಟ್ಟಿ ನೋಡಿಕೊಂಡೆ.

'ನೀನು ಬಾಯಿ ಬಿಟ್ರೆ ಅದು ಕರಿಬಸಯ್ಯನ ಹೇಳಿಕೆ ಅಂತ ಬರ್ಕೊಂತಾರೆ ಕಣಲೇ. ಅವನು ನನ್ನ ಪರ ಸಾಕ್ಷಿ ಹೇಳಿದ ಅಂತಾದ್ರೆ ನನಗೆ ಇನ್ನೂ ಎರಡು ವರ್ಷ ಜಾಸ್ತಿ.' ದಾರ ಹಲ್ಲಲ್ಲಿ ಕಡಿದ. 'ನಿಮ್ಮವ್ವ ಹೆಂಗವಳೆ?'

ಮನೆಗೆ ನಡೆಯುತ್ತ ಲೆಕ್ಕ ಹಾಕಿದೆ. ಲೆಕ್ಕ ಸಣ್ಣದು, ಏಳನೇ ಕ್ಲಾಸಿನವನಿಗೂ ಬರುವಂಥದ್ದು. ಒಪ್ಪಿಕೊಂಡ ಕೆಲಸವನ್ನು ಬಿಡಬೇಕಾದರೆ ಹೇಳಿದವನ ಎದುರಿಗೇ ನಿಂತು ಆಗಲ್ಲ ಅನ್ನಬೇಕು, ಆಗ ದನಿ ವಾಪಸು ಬರುತ್ತದೆ. ಮಕ್ಕಳು ದಿನಾ ಅಮ್ಮಂದಿರ ಎದುರು ಅಂದು ಒಂದೇಟು ತಿಂದು ಓಡುತ್ತವೆ. ದಂಡಿನವನು ಹಾಗೆ ಅಂದರೆ ಎರಡು ವರ್ಷ ಜೈಲು. ನನ್ನ ದನಿ ನನಗೆ ಬಂದರೆ ಓಬಳಪ್ಪ ಉಳಿಯುತ್ತಾನೆ, ಆದರೆ ಪುರಾವೆ ಹೋಗುತ್ತದೆ, ಕರಿಬಸಯ್ಯ ಮನೆಗೆ ಹೋಗುತ್ತಾನೆ, ಅಂಜಿನಮ್ಮನಿಗೆ ಏನೂ ಉಳಿಯುವುದಿಲ್ಲ. ಅವನ ದನಿ ನನ್ನಲ್ಲೇ ಇದ್ದರೆ ಕರಿಬಸಯ್ಯನಿಗೆ ಶಿಕ್ಷೆ, ಜೊತೆಗೆ ಓಬಳಪ್ಪನಿಗೂ. ಎರಡೂ ಆಗುವ ಹಾಗೆ ಮಾಡಲು ಬರುತ್ತದಾ ಅಂತ ನಾಲ್ಕು ದಿನ ತಲೆ ಚಚ್ಚಿಕೊಂಡೆ. ಶಾಲೆ ಪೂರ್ತಿ ಓದಿದ್ದರೆ ಬರುತ್ತಿತ್ತೇನೋ. ಓದಿದವರನ್ನು ನೋಡಿದರೆ ಹಾಗೂ ಅನಿಸುವುದಿಲ್ಲ.

ನಮ್ಮೂರ ಕೋರ್ಟಿನಷ್ಟು ವಿನಯದ ಜಾಗ ಬೇರೆಲ್ಲೂ ಇಲ್ಲ. ಅಲ್ಲಿ ಯಾರೂ ಯಾರಿಗೂ ಏನನ್ನೂ ಹೇಳುವಂತಿಲ್ಲ, ಹೇಳಿದರೆ ಸಾಕ್ಷಿಗಳೆಲ್ಲ ನ್ಯಾಯಾಧೀಶರ ದನಿಯಲ್ಲಿ ಮಾತಾಡತೊಡಗಿ ಗೊಂದಲವಾಗುತ್ತದೆ. ಕೂಗುವವನು ಬಾಗಿಲಲ್ಲಿ ನಿಂತು, 'ಎದ್ದು ನಿಂತರೆ ಕಾಲಿಗೆ ಒಳ್ಳೆಯದು ಅಂತ ವೈದ್ಯರ ಅಭಿಪ್ರಾಯ' ಎಂದ. ಎಲ್ಲರೂ ನಿಂತರು. ನ್ಯಾಯಾಧೀಶರು ಬಂದು ಕೂತು, 'ಈ ಕುರ್ಚಿಗಳು ಕೂರುವುದಕ್ಕೂ ಬರುತ್ತವೆ' ಎಂದರು. ಎಲ್ಲರೂ ಕೂತರು. ಒಂದು ಕಡೆ ಕಟಕಟೆಯಲ್ಲಿ ಕರಿಬಸಯ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಇನ್ನೊಂದು ಕಡೆ ಓಬಳಪ್ಪ. ಒಂದೇ ದಿನ ನಡೆದ ಎರಡು ಸಾವು ಅಂತ ಎರಡು ಕೇಸನ್ನೂ ಒಟ್ಟಿಗೇ ಹಾಕಿದ್ದರು. ಮುಂದಿನ ಬೆಂಚಿನಲ್ಲಿ ಅಂಜಿನಮ್ಮ, ಕೈ ತೊಳೆದುಕೊಂಡು ಬಂದಿದ್ದಳು, ಮಸಿ ಹೋಗಿರಲಿಲ್ಲ.

ನನ್ನ ಸರದಿ ಬಂದಾಗ ಪಾಂಡುರಂಗರಾಯರು ನನ್ನನ್ನು ನ್ಯಾಯಾಧೀಶರ ಕಡೆ ಮುಖ ಮಾಡಿ ನಿಲ್ಲುವ ಹಾಗೆ ಮೆಲ್ಲಗೆ ಭುಜ ಹಿಡಿದು ತಿರುಗಿಸಿದರು. ಕರಿಬಸಯ್ಯ ನನ್ನ ಬೆನ್ನಿಗಿದ್ದ.

'ಸಾಕ್ಷಿಯ ಹೆಸರು ಕೇಳುವ ಆಸೆ ನಮಗೆಲ್ಲ ಇದೆ' ಎಂದರು ರಾಯರು.

'ತಿಪ್ಪೇಶ' ಎಂದೆ.

ಕೋರ್ಟಿಗೆ ಕೋರ್ಟೇ ಉಸಿರೆಳೆದುಕೊಂಡಿತು. ಒಬ್ಬ ಮುದುಕ ರೂಢಿಯಿಂದ ಜೈಕಾರ ಹಾಕಿಬಿಟ್ಟು ಬಾಯಿ ಮುಚ್ಚಿಕೊಂಡ. ರಾಯರು ಗೆದ್ದವರ ಹಾಗೆ ಕೈ ಚೆಲ್ಲಿ, ಈ ದನಿ ಯಾರದು ಅಂತ ನಾನು ಬೇರೆ ಹೇಳಬೇಕಾ ಎಂದು ನ್ಯಾಯಾಧೀಶರ ಕಡೆ ನೋಡಿದರು. ಅಂಜಿನಮ್ಮ ಕಣ್ಣು ಮಿಟುಕಿಸದೆ ಕೂತಿದ್ದಳು. ನಾನು ಬಾಯಿ ತೆರೆದೆ.

'ಸಾಕು' ಎಂದರು ರಾಯರು. 'ನಮಗೆ ದನಿ ಸಾಕು. ಮಾತಿನ ಅಗತ್ಯ ಇಲ್ಲ.'

ಇಷ್ಟೂ ದಿನ ಏನು ಮಾಡಬೇಕು ಅಂತ ಗೊತ್ತಾಗದೆ ಒದ್ದಾಡಿದವನಿಗೆ ಆ ಒಂದು ಮಾತಿನಿಂದ ಮೈ ಉರಿದುಹೋಯಿತು. ಶಾಲೆಯಲ್ಲಿ ಮೇಷ್ಟರಿಗೂ ಇಷ್ಟೇ ಬೇಕಾಗಿತ್ತು. ಬಾಲ್ಕನಿಯಲ್ಲಿ ನಿಂತವನಿಗೂ ಇಷ್ಟೇ ಬೇಕಾಗಿತ್ತು. ನನ್ನ ಗಂಟಲು ಬೇಕು, ನಾನು ಬೇಡ. ಬೆಂಚಿನಲ್ಲಿ ಕೂತ ಹೆಂಗಸಿನ ಮುಖ ನೋಡಲಿಲ್ಲ. ನೋಡಿದ್ದರೆ ಆಗುತ್ತಿರಲಿಲ್ಲ ಅಂತ ಗೊತ್ತಿತ್ತು, ಅದಕ್ಕೇ ನೋಡಲಿಲ್ಲ. ಅದನ್ನು ಯಾವತ್ತೂ ಒಳ್ಳೆಯ ಕೆಲಸ ಅಂತ ಹೇಳಿಕೊಂಡಿಲ್ಲ. ಗಿರಕ್ಕನೆ ತಿರುಗಿ ಕರಿಬಸಯ್ಯನ ಕಣ್ಣಿಗೆ ಕಣ್ಣಿಟ್ಟೆ.

'ಸಾರ್' ಎಂದೆ, ಅವನ ದನಿಯಲ್ಲೇ. ತನ್ನ ದನಿ ತನ್ನನ್ನೇ ಸಾರ್ ಅಂದದ್ದಕ್ಕೆ ಅವನು ಬೆಚ್ಚಿದ. 'ಗಿರಣಿ ಮೈದಾನದಲ್ಲಿ ಒಂದು ಗುಂಡು ಹಾರಿಸು ಅಂದಿದ್ರಲ್ಲ, ಅದು ಆಗಲ್ಲ.'

ಕೊನೆಯ ಮಾತು ಅರ್ಧದಲ್ಲಿ ಬಿರಿಯಿತು. ಗಂಟಲಲ್ಲಿ ಏನೋ ಭಾರ ಇಳಿದು, ಅದರ ಜಾಗದಲ್ಲಿ ತೆಳ್ಳಗಿನ, ಒರಟು, ಮೂಗಿನ ಮೇಲಿಂದ ಬರುವ ದನಿಯೊಂದು ಎದ್ದಿತು. ಹನ್ನೊಂದು ತಿಂಗಳು ಬಳಸದೆ ಇಟ್ಟ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಅದು ನನ್ನದು ಅಂತ ನನಗೇ ಮೊದಲು ಗುರುತು ಸಿಗಲಿಲ್ಲ. ಕೋರ್ಟಿನಲ್ಲಿ ಮೊದಲು ಅರ್ಥ ಮಾಡಿಕೊಂಡವನು ಕರಿಬಸಯ್ಯ. ನಿಧಾನಕ್ಕೆ ನಕ್ಕ, ಅಂಗಿಯ ತೋಳು ಸರಿಮಾಡಿಕೊಂಡ. ರಾಯರು 'ಅಯ್ಯೋ ಪಾಪಿ' ಎಂದು ಕೂತುಬಿಟ್ಟರು.

ಆ ದನಿ ಮತ್ತೆ ಹೋಗುವ ಮೊದಲು ಹೇಳಬೇಕಾದ್ದನ್ನೆಲ್ಲ ಹೇಳಿಬಿಟ್ಟೆ. ಗೇಟಿನ ಅಗಲ ಎಷ್ಟು, ಅಜ್ಜ ಯಾವ ಕಂಬದ ಬುಡದಲ್ಲಿ ಬಿದ್ದ, ಅಲ್ಲಿ ಯಾರು ಯಾರ ದನಿಯಲ್ಲಿ ಅರಚಿದರು, ಓಬಳಪ್ಪನ ಕೂಗು ಯಾವಾಗ ಬಂತು, ಆ ಕೂಗು ಹಿಡಿದು ಓಡಿದವರು ಯಾವ ಕಡೆ ಹೋದರು. ಕಹಳೆಯವರು ಓಡಿದರು ಅಂದದ್ದಕ್ಕೆ ಕಹಳೆಯವರು ಬೆಂಚು ಗುದ್ದಿದರು. ಏಣಿಯವರು ಗುಂಡು ಹಾರಿಸಲು ಹೇಳಿದರು ಅಂದದ್ದಕ್ಕೆ ಏಣಿಯವರೂ ಗುದ್ದಿದರು. ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡು, ಸ್ವಂತ ದನಿಯ ಸಾಕ್ಷಿ ಈ ಕೋರ್ಟಿಗೆ ಬಂದು ಎಷ್ಟೋ ವರ್ಷವಾಯಿತು, ಅದನ್ನು ಬರೆದುಕೊಳ್ಳುವ ನಮೂನೆ ಎಲ್ಲಿದೆ ಅಂತ ಹುಡುಕಬೇಕು ಎಂದರು. ನಮೂನೆ ಸಿಕ್ಕಿತು. ಅದರ ಅಂಚನ್ನು ಇಲಿ ತಿಂದಿತ್ತು.

ಸಾಯಂಕಾಲ ಐದಕ್ಕೆ ತೀರ್ಪು. ಓಬಳಪ್ಪನಿಗೆ ಮನೆಯ ದಾರಿ ನೆನಪಿದ್ದರೆ ಹೋಗಬಹುದು ಎಂದರು. ಪುರಾವೆ ಇಲ್ಲದ್ದರಿಂದ ಕರಿಬಸಯ್ಯನಿಗೂ ಅದೇ ಮಾತು. ಏಣಿಯವರು ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಆಮೇಲೆ ನನ್ನ ಮೇಲೆ ದೂರು ಬಂತು. ದಂಡಿನಲ್ಲಿದ್ದು ಒಪ್ಪಿದ ಕೆಲಸ ಒಲ್ಲೆ ಅಂದದ್ದಕ್ಕೆ ಎರಡು ವರ್ಷ. ಆ ಕಾಗದಕ್ಕೆ ಏಣಿಯ ವಕೀಲರೂ ಕಹಳೆಯ ವಕೀಲರೂ ಒಂದೇ ಪೆನ್ನಿನಿಂದ ಸಹಿ ಮಾಡಿದರು.

ಓಬಳಪ್ಪ ಕಟಕಟೆ ಇಳಿದು ನನ್ನ ಹತ್ತಿರ ಬಂದ. ಅಪ್ಪಿಕೊಳ್ಳುತ್ತಾನೆ ಅಂದುಕೊಂಡೆ. ನನ್ನ ಅಂಗಿಯ ಕಾಲರು ಎಳೆದು ನೆಟ್ಟಗೆ ಮಾಡಿದ.

'ಒಂದು ಮಾತು ಕಣಲೇ ಅದು. ಹನ್ನೊಂದು ತಿಂಗಳು ಬೇಕಾಯ್ತಾ?'

ನನಗೂ ಆರನೇ ನಂಬರೇ ಸಿಕ್ಕಿತು. ಅವ್ವ ವಾರಕ್ಕೊಂದು ದಿನ ಬರುತ್ತಾಳೆ. ಮೊದಲ ಸಲ ಬಂದಾಗ ಒಂದು ಗಂಟೆ ನನ್ನಿಂದ ಮಾತಾಡಿಸಿದಳು, ಎಲ್ಲ ಕೇಳಿ ಕೊನೆಗೆ, 'ಆ ದರಿದ್ರದೋನ ದನಿ ಇದ್ದಾಗ ಇಷ್ಟು ಮೂಗಲ್ಲಿ ಮಾತಾಡ್ತಿರಲಿಲ್ಲ ನೀನು' ಅಂದಳು. ಅಂದು ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಅಂಜಿನಮ್ಮ ಬಂದದ್ದು ನಲವತ್ತೆರಡನೇ ದಿನ. ಮಧ್ಯಾಹ್ನದ ಹೊತ್ತು. ಕಂಬಿಯ ಆಚೆ ನಿಂತಳು, ಅವತ್ತು ನಮ್ಮ ಮನೆ ಹೊಸಿಲ ಆಚೆ ನಿಂತ ಹಾಗೆ ಅಲ್ಲ, ಹತ್ತಿರ ನಿಂತಳು. ಉಗುಳುತ್ತಾಳೆ ಅಂದುಕೊಂಡು ಮುಖ ಒಡ್ಡಿದೆ.

'ನೀನು ಬಿಟ್ಟುಬಿಟ್ಟೆ ಅವನನ್ನ' ಎಂದಳು.

'ಹೌದಕ್ಕ.'

'ಪೇಟೇಲಿ ಓಡಾಡ್ತಾನೆ. ನಿನ್ನೆ ನನ್ನ ಅಂಗಡಿ ಮುಂದೇನೇ ಹೋದ. ನಮಸ್ಕಾರ ತಾಯಿ ಅಂದ.'

ಓಬಳಪ್ಪನ ವಿಷಯ ಎತ್ತಬಹುದಿತ್ತು. ಎತ್ತಲಿಲ್ಲ. ಅವಳ ಗಂಡನನ್ನು ಓಬಳಪ್ಪ ವಾಪಸು ತಂದುಕೊಡುವುದಿಲ್ಲ.

'ನನ್ನ ಗಂಡನ್ನ ಕೊಂದೋರು ಯಾರು ಹಂಗಾದ್ರೆ?' ಎಂದಳು. 'ಕರಿಬಸಯ್ಯ ನಾನಲ್ಲ ಅಂತಾನೆ. ದಂಡಿನೋರನ್ನ ಕೇಳಿದ್ರೆ ಅವನ ದನಿ ಅಂತಾರೆ. ಕೋರ್ಟಲ್ಲಿ ಪುರಾವೆ ಇಲ್ಲ ಅಂದ್ರು. ಯಾರೂ ಕೊಲ್ಲದೇನೇ ಸತ್ನಾ ಅವನು? ವಾಷರ್ ತರಕ್ಕೆ ಹೋದೋನು?'

ಕರಿಬಸಯ್ಯನೇ ಕೊಂದಿದ್ದು ಅಂತ ಹೇಳಲು ಬಾಯಿ ತೆರೆದೆ. ಅದು ನಿಜವೇ. ಆದರೆ ಊರಲ್ಲಿ ಇಪ್ಪತ್ತೊಂಬತ್ತು ಜನ ಅದೇ ನಿಜವನ್ನು ಹೇಳಿಕೊಂಡು ಬೀಡಿ ಸೇದುತ್ತಿದ್ದರು.

'ಅಕ್ಕ' ಎಂದೆ. ದನಿ ನಡುಗಿತು. ನಡುಗುವುದಕ್ಕೂ ಅದು ನನ್ನದಾಗಿರಬೇಕಲ್ಲ. 'ಅವನು ಬಾಲ್ಕನೀಲಿ ನಿಂತು ಹೇಳ್ದ. ಇಪ್ಪತ್ತೊಂಬತ್ತು ಜನ ಹಾರಿಸಿದ್ರು. ಯಾರ ಗುಂಡು ಅಂತ ನನಗೆ ಗೊತ್ತಿಲ್ಲ. ನಾನು ಹಾರಿಸಲಿಲ್ಲ. ಆದ್ರೆ ನಾನು ಆಯ್ತು ಅಂದೆ. ನಾವು ಮೂವತ್ತು ಜನಾನೂ ಆಯ್ತು ಅಂದ್ವಿ. ಆಗಲ್ಲ ಅಂತ ಅನ್ನಬಹುದಿತ್ತು, ದಫೇದಾರ್ರು ಅಂದ್ರಲ್ಲ. ನಾನು ಆಯ್ತು ಅಂದು, ಕೋವಿ ಎತ್ತಿ, ನಿನ್ನ ಗಂಡ ಇದ್ದ ಕಡೇನೇ ಹಿಡಿದಿದ್ದೆ.'

ಅವಳು ಕಂಬಿ ಹಿಡಿದುಕೊಂಡಳು. ಬೆರಳಲ್ಲಿ ಸೀಮೆಎಣ್ಣೆ ವಾಸನೆ.

'ದನಿ ಚೆನ್ನಾಗಿಲ್ಲ ನಿಂದು' ಎಂದಳು ಕೊನೆಗೆ.

'ಮೊದ್ಲಿಂದ್ಲೂ ಹಿಂಗೇ ಅಕ್ಕ.'

ಗೋಡೆ ಪಕ್ಕ ಇದ್ದ ಕಲ್ಲನ್ನು ಕಾಲಿಂದ ಸರಿಸಿ, ಸೀರೆ ಒತ್ತರಿಸಿಕೊಂಡು ಅದರ ಮೇಲೆ ಕೂತಳು. ಹೇಳು ಅನ್ನಲಿಲ್ಲ. ಅಂದಿದ್ದರೆ ನಾನು ಆಯ್ತು ಅನ್ನುತ್ತಿದ್ದೆ, ಅಂದು ಅವಳ ದನಿಯಲ್ಲಿ ಹೇಳುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು.

'ಇನ್ನೊಂದ್ಸಲ ಹೇಳೋದಾದ್ರೆ, ಕೂತಿರ್ತೀನಿ' ಎಂದಳು.

ನಾನು ಬಾಲ್ಕನಿಯಿಂದ ಶುರು ಮಾಡಿದೆ.